ಸೊನ್ನೆಗೆ ಬಿದ್ದವರು ಮರುಗಳಿಗೆ ಎದ್ದು ನಿಂತರೆ ಏಟಿಗೆ ಬೆಲೆ ಎಲ್ಲಿ? ಹೆಚ್‌ಪಿ ಬಗ್ಗೆ ನಿಮ್ಮ ಟೇಬಲ್ಲಿನ ಮನೆ ನಿಯಮ ಹೇಳಿ

ಎಡೆದೊರೆ ಡಿಎಂ · ರಾಯಚೂರು

ಎಲ್ಲರಿಗೂ ನಮಸ್ಕಾರ. ಹೊಸಬರಿಗಾಗಿ ಹೇಳುತ್ತೇನೆ. ನಾವು ಆಡೋದು ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿ, 2014ರ ನಿಯಮಗಳು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕತೆ ಕಟ್ಟುವ ಆಟ. ಕತೆ ನಡೆಸುವವರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಹೆಚ್‌ಪಿ ಅಂದರೆ ಹಿಟ್ ಪಾಯಿಂಟ್, ಪಾತ್ರ ಎಷ್ಟು ಏಟು ತಡೆಯುತ್ತದೆ ಎಂಬ ಲೆಕ್ಕ. ಅದು ಸೊನ್ನೆಯಾದರೆ ಪಾತ್ರ ಪ್ರಜ್ಞೆ ತಪ್ಪಿ ಬೀಳುತ್ತದೆ. ಕತೆ ಮಾತ್ರ ನಮ್ಮದೇ ನೆಲದ್ದು. ಕೃಷ್ಣೆ, ತುಂಗಭದ್ರೆ ನಡುವಿನ ದೋಆಬ್, 1520ರ ರಾಯಚೂರು ಮುತ್ತಿಗೆ, ಅದರ ಜೊತೆಗೆ ಮಾಯ, ಮಂತ್ರ, ಬೆಟ್ಟದೊಳಗೆ ಮಲಗಿರುವ ರಾಕ್ಷಸರು. ಪಾತ್ರಗಳೆಲ್ಲ ಈಗ ಐದನೇ ಲೆವೆಲ್‌ನಲ್ಲಿವೆ.

ನನ್ನ ಸಮಸ್ಯೆ ಇದು. ಕೋಟೆ ಗೋಡೆಯ ಬುಡದಲ್ಲಿ ಕಾಳಗ. ಮೇಲಿಂದ ಬಾಣ ಬೀಳುತ್ತಿವೆ, ಎದುರಿಗೆ ಓಗರ್ ಎಂಬ ದೈತ್ಯ ನಿಂತಿದೆ. ಫೈಟರ್, ಅಂದರೆ ಮುಂದೆ ನಿಂತು ಕಾದಾಡುವ ಯೋಧ, ಸೊನ್ನೆಗೆ ಬೀಳುತ್ತಾನೆ. ಟೇಬಲ್ ಒಂದು ಕ್ಷಣ ಸುಮ್ಮನಾಗುತ್ತದೆ. ಮುಂದಿನ ಸರದಿಯಲ್ಲಿ ಕ್ಲೆರಿಕ್, ಅಂದರೆ ದೇವರ ಬಲದಿಂದ ಮಂತ್ರ ಹೇಳುವವಳು, 60 ಅಡಿ ದೂರದಿಂದ ಹೀಲಿಂಗ್ ವರ್ಡ್ ಎಂಬ ಗುಣಪಡಿಸುವ ಮಂತ್ರ ಹೇಳುತ್ತಾಳೆ, ಬರೀ ಬೋನಸ್ ಆಕ್ಷನ್, ಸರದಿಯ ಮುಖ್ಯ ಕೆಲಸವಾದ ಆಕ್ಷನ್ ಜೊತೆಗೆ ಮಾಡಬಹುದಾದ ಚಿಕ್ಕ ಕೆಲಸ. ಫೈಟರ್ ಐದಾರು ಹೆಚ್‌ಪಿ ಇಟ್ಟುಕೊಂಡು ಎದ್ದು, ಪೂರ್ತಿ ಜೋರಿನಲ್ಲಿ ಎರಡು ಏಟು ಹಾಕಿ, ಮತ್ತೆ ಬೀಳುತ್ತಾನೆ. ಮತ್ತೆ ಹೀಲಿಂಗ್ ವರ್ಡ್. ಒಂದೇ ಕಾಳಗದಲ್ಲಿ ಮತ್ತೆ ಮತ್ತೆ ಸಾವಿನ ಬಾಗಿಲಿಗೆ ಹೋಗಿ ಬಂದವನು ರಾತ್ರಿ ಎಂಟು ಗಂಟೆ ಕಳೆದರೆ ಸಾಕು, ಬೆಳಿಗ್ಗೆ ಮೈಮೇಲೆ ಒಂದು ಗೀರೂ ಇರುವುದಿಲ್ಲ.

ಮುತ್ತಿಗೆಯ ಕತೆಗೆ ಇದು ಒಗ್ಗುವುದಿಲ್ಲ. ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿಟ್ಟ ವಿವರದಲ್ಲಿ ಸೈನಿಕರು ಗೋಡೆಯ ಬುಡಕ್ಕೇ ನುಗ್ಗಿ ಕಲ್ಲು ಕೀಳುತ್ತಾರೆ. ಮೇಲಿನವರು ಅವರನ್ನು ಹೊಡೆಯುತ್ತಲೇ ಇರುತ್ತಾರೆ. ಆ ಗೋಡೆಯನ್ನು ನಾವು ದಿನಾ ನೋಡುತ್ತೇವೆ. ಅದರಲ್ಲಿ ಒಂದು ಕಲ್ಲು 41 ಅಡಿ ಉದ್ದವಿದೆ, 1294ರ ಶಾಸನ ಅದರ ಮೇಲೇ ಇದೆ. ಅಂಥ ಗೋಡೆಯ ಕೆಳಗೆ ಬಿದ್ದವನು ಮರುದಿನ ಏನೂ ಆಗದ ಹಾಗೆ ಓಡಾಡಿದರೆ ನನಗೆ ಕತೆ ಮುಂದುವರಿಸಲು ಮನಸ್ಸೇ ಬರುವುದಿಲ್ಲ.

ನಾನು ಯೋಚಿಸಿರುವ ನಿಯಮ: ಸೊನ್ನೆಗೆ ಬಿದ್ದಾಗಲೆಲ್ಲ ಒಂದು ಮಟ್ಟ ಸುಸ್ತು. ಪುಸ್ತಕದಲ್ಲಿ ಸುಸ್ತಿಗೆ ಆರು ಮಟ್ಟ ಇವೆ, ಆರನೆಯದು ಸಾವು. ಲಾಂಗ್ ರೆಸ್ಟ್, ಅಂದರೆ ಎಂಟು ಗಂಟೆಯ ವಿಶ್ರಾಂತಿ, ಮಾಡಿದರೆ ಒಂದೇ ಮಟ್ಟ ಇಳಿಯುತ್ತದೆ. ಬೇರೆ ಕಡೆಯ ಟೇಬಲ್‌ಗಳಲ್ಲೂ ಇದು ಬಹಳ ಚಾಲ್ತಿಯಲ್ಲಿರುವ ನಿಯಮ. ನಿಮಗೇನನ್ನಿಸುತ್ತದೆ?

ಕಂಪ್ಲಿ ಪ್ಯಾಲಡಿನ್ · ಬಳ್ಳಾರಿ ಜಿಲ್ಲೆ

ನಾನು ಇದೇ ಟೇಬಲ್‌ನಲ್ಲಿ ಆಡುವವಳು, ಮುಂದಿನ ಸಾಲಿನಲ್ಲಿ ನಿಲ್ಲುವವಳು. ನನ್ನ ವಿರೋಧ ಇದೆ.

ಸೊನ್ನೆಗೆ ಬೀಳುವುದು ಯಾರು? ಫೈಟರ್, ಬಾರ್ಬೇರಿಯನ್, ಪ್ಯಾಲಡಿನ್. ವಿಝರ್ಡ್ 100 ಅಡಿ ಹಿಂದೆ ನಿಂತು ಬೆಂಕಿಯುಂಡೆ ಎಸೆಯುತ್ತಾನೆ, ಅವನಿಗೆ ಏಟು ತಾಗುವುದೇ ಅಪರೂಪ. ಹಾಗಾಗಿ ಸೊನ್ನೆಗೆ ಬಿದ್ದಾಗ ಕಚ್ಚುವ ಯಾವ ನಿಯಮವಾದರೂ ಮುಂದೆ ನಿಂತವರನ್ನೇ ಕಚ್ಚುತ್ತದೆ. ಬೇರೆಯವರನ್ನು ಕಾಪಾಡಲು ಅಡ್ಡ ನಿಂತಿದ್ದಕ್ಕೆ ಶಿಕ್ಷೆ ನಮಗಾ?

ಇನ್ನೊಂದು. ಸುಸ್ತು ಮೂರನೇ ಮಟ್ಟಕ್ಕೆ ಹೋದರೆ ಹೊಡೆಯುವ ದಾಳಕ್ಕೂ, ಅಪಾಯದಿಂದ ಪಾರಾಗಲು ಉರುಳಿಸುವ ಸೇವ್‌ಗೂ ಡಿಸ್‌ಅಡ್ವಾಂಟೇಜ್. ಸೊನ್ನೆಗೆ ಬಿದ್ದವರು ಸರದಿಗೊಮ್ಮೆ ಬದುಕುಳಿಯಲು ಉರುಳಿಸುವ ಡೆತ್ ಸೇವ್ ಕೂಡ ಸೇವೇ ಅಲ್ವಾ? ಅಂದರೆ ಮೂರು ಸಲ ಬಿದ್ದವಳು ನಾಲ್ಕನೇ ಸಲ ಬಿದ್ದಾಗ ಎರಡು ದಾಳ ಉರುಳಿಸಿ ಕಡಿಮೆ ಬಂದದ್ದನ್ನು ತೆಗೆದುಕೊಳ್ಳಬೇಕು. ನಾಲ್ಕನೇ ಮಟ್ಟದಲ್ಲಿ ಗರಿಷ್ಠ ಹೆಚ್‌ಪಿ ಅರ್ಧ. ಬಿದ್ದಷ್ಟೂ ಬಲ ಕಡಿಮೆ, ಬಲ ಕಡಿಮೆಯಾದಷ್ಟೂ ಬೇಗ ಬೀಳುವುದು. ಒಮ್ಮೆ ಜಾರಲು ಶುರುವಾದರೆ ತಳಕ್ಕೇ ಹೋಗುತ್ತೇವೆ. ಇದರಲ್ಲಿ ಭಯ ಇಲ್ಲ, ಬರೀ ಬೇಸರ ಇದೆ. ಸೋಲುವುದು ಗೊತ್ತಾದ ಮೇಲೂ ಎರಡು ಗಂಟೆ ದಾಳ ಉರುಳಿಸುತ್ತಾ ಕೂರಬೇಕು.

ಹಳೇ ದಾಳ · ಬಳ್ಳಾರಿ

ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಈ ಜಗಳ ಆಟದಷ್ಟೇ ಹಳೆಯದು.

ನಮ್ಮ ಆಟಕ್ಕೆ ಮೂಲವಾದ 1971ರ ಚೈನ್‌ಮೇಲ್ ಎಂಬ ಯುದ್ಧದಾಟದಲ್ಲಿ ಸಾಮಾನ್ಯ ಸೈನಿಕನ ಗೊಂಬೆಗೆ ಒಂದು ಏಟು ಬಿದ್ದರೆ ಮುಗಿಯಿತು. ಹೀರೋ ಅನ್ನಿಸಿಕೊಂಡವನನ್ನು ಕೊಲ್ಲಲು ಒಟ್ಟಿಗೆ ನಾಲ್ಕು ಏಟು ಬೇಕಿತ್ತು. ಡೇವ್ ಆರ್ನೆಸನ್ ತಮ್ಮ ಗೆಳೆಯರಿಗೆ ಆಟ ಆಡಿಸುವಾಗ ಒಬ್ಬೊಬ್ಬರ ಕೈಗೂ ಒಂದೊಂದೇ ಪಾತ್ರ ಕೊಟ್ಟರು. ಒಂದೇ ಪಾತ್ರ ಇರುವವನು ಅದು ಒಂದೇ ಏಟಿಗೆ ಸಾಯುವುದನ್ನು ಒಪ್ಪುತ್ತಾನಾ? ಒಪ್ಪಲಿಲ್ಲ. ಆಗ ಆರ್ನೆಸನ್ ತಮ್ಮ ಹಡಗು ಯುದ್ಧದ ಆಟದಿಂದ ಹಿಟ್ ಪಾಯಿಂಟ್ ಲೆಕ್ಕವನ್ನು ತಂದರು. ಹೆಚ್‌ಪಿ ಹುಟ್ಟಿದ್ದು ಮನುಷ್ಯನ ಮೈಯಿಂದ ಅಲ್ಲ, ಹಡಗಿನಿಂದ. ಹಡಗು ಗುಂಡು ತಿನ್ನುತ್ತಾ ಇರುತ್ತದೆ, ತೇಲುತ್ತಾ ಇರುತ್ತದೆ, ತಿರುಗಿ ಹೊಡೆಯುತ್ತಾ ಇರುತ್ತದೆ, ಕೊನೆಗೊಮ್ಮೆ ಮುಳುಗುತ್ತದೆ. ಒಂದೇ ಹೆಚ್‌ಪಿ ಉಳಿದ ಫೈಟರ್ ಪೂರ್ತಿ ಬಲದಿಂದ ಹೊಡೆಯುವುದು ವಿಚಿತ್ರ ಅನ್ನಿಸುತ್ತದಲ್ಲ, ಅದರ ಬೇರು ಇಲ್ಲಿದೆ.

1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಈ ಆಟದ ಮೊದಲ ಪುಸ್ತಕ ತಂದಾಗ ಸೊನ್ನೆ ಅಂದರೆ ಸಾವು. ಮಾತಿಲ್ಲ, ಕತೆಯಿಲ್ಲ. 1979ರ ಡಂಜನ್ ಮಾಸ್ಟರ್ ಕೈಪಿಡಿಯಲ್ಲಿ ಸೊನ್ನೆಗೆ ಬಂದರೆ ಪ್ರಜ್ಞೆ ತಪ್ಪುತ್ತದೆ, ಆಮೇಲೆ ಸರದಿಗೆ ಒಂದೊಂದು ಕಳೆಯುತ್ತಾ ಮೈನಸ್ 10ಕ್ಕೆ ಸಾವು. ಎಡೆದೊರೆ ಅವರೇ, ನಿಮಗೆ ಬೇಕಾದ ಸಾಲು ಅದರ ಪಕ್ಕದಲ್ಲೇ ಇದೆ. ಹಾಗೆ ಬಿದ್ದು ಉಳಿದವನು ಎಚ್ಚರಾದ ಮೇಲೂ ಕಡೇ ಪಕ್ಷ ಒಂದು ವಾರ ಪೂರ್ತಿ ವಿಶ್ರಾಂತಿ ಪಡೆಯಬೇಕು. ಅಲ್ಲಿಯ ತನಕ ಕಾಳಗ ಇಲ್ಲ, ಮಂತ್ರ ಇಲ್ಲ. ಬಿದ್ದು ಏಳುವ ಆಟಕ್ಕೆ ಅಂದೇ ಬೀಗ ಹಾಕಿದ್ದರು.

ಆಮೇಲೆ ಆವೃತ್ತಿಗೊಂದು ಸಲ ಬೀಗ ಸಡಿಲವಾಯಿತು. 2000ದ ಮೂರನೇ ಆವೃತ್ತಿಯಲ್ಲಿ ಒಂದು ರಾತ್ರಿಗೆ ಲೆವೆಲ್ ಎಷ್ಟೋ ಅಷ್ಟು ಹೆಚ್‌ಪಿ ಮಾತ್ರ ವಾಪಸ್. 2008ರ ನಾಲ್ಕನೆಯದರಲ್ಲಿ ಒಂದು ರಾತ್ರಿಗೆ ಎಲ್ಲವೂ ವಾಪಸ್. 2014ರದು ಅದನ್ನೇ ಉಳಿಸಿಕೊಂಡಿತು. ನಿಮ್ಮ ಸಿಟ್ಟು ಎರಡು ಬೇರೆ ಬೇರೆ ವಿಷಯದ ಮೇಲೆ ಇದೆ: ಬಿದ್ದವನು ತಕ್ಷಣ ಏಳುವುದು ಒಂದು, ರಾತ್ರಿ ಕಳೆದರೆ ಎಲ್ಲ ಮಾಯುವುದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ.

ಗಂಗಾವತಿ ಕ್ಲೆರಿಕ್ · ಕೊಪ್ಪಳ ಜಿಲ್ಲೆ

ಹೀಲಿಂಗ್ ವರ್ಡ್ ಹೇಳುವವಳು ನಾನೇ. ನನ್ನ ಕಡೆಯ ಲೆಕ್ಕವನ್ನೂ ನೋಡಿ.

ಓಗರ್‌ನ ಒಂದು ಏಟು 2ಡಿ8+4, ಅಂದರೆ ಎಂಟು ಮುಖದ ಎರಡು ದಾಳದ ಮೊತ್ತಕ್ಕೆ 4 ಸೇರಿಸಿದ್ದು, ಸರಾಸರಿ 13. ಗುಣಪಡಿಸುವ ನನ್ನ ಇನ್ನೊಂದು ಮಂತ್ರ ಕ್ಯೂರ್ ವೂಂಡ್ಸ್ 1ಡಿ8+4, ಸರಾಸರಿ ಎಂಟೂವರೆ. ಈಗ ಫೈಟರ್ ಹತ್ತಿರ 2 ಹೆಚ್‌ಪಿ ಉಳಿದಿದೆ ಅನ್ನಿ. ನಾನು ಮೊದಲೇ 8 ಕೊಟ್ಟರೆ 10 ಆಗುತ್ತದೆ. ಓಗರ್ 13 ಹೊಡೆದರೆ ಅವನು ಆಗಲೂ ಬೀಳುತ್ತಾನೆ. ನನ್ನ ಮಂತ್ರವೂ ಹೋಯಿತು, ನನ್ನ ಆಕ್ಷನ್ನೂ ಹೋಯಿತು. ಕೊಡದೆ ಕಾದರೆ? 13ರಲ್ಲಿ 2 ಅವನಿಗೆ ತಾಗಿ ಉಳಿದ 11 ಗಾಳಿಗೆ ಹೋಗುತ್ತದೆ. ಆಮೇಲೆ ಹೀಲಿಂಗ್ ವರ್ಡ್‌ನಲ್ಲಿ 6 ಕೊಟ್ಟರೆ ಎದ್ದು ಹೊಡೆಯುತ್ತಾನೆ, ನನ್ನ ಆಕ್ಷನ್ ನನ್ನ ಹತ್ತಿರವೇ ಇರುತ್ತದೆ.

ಅಂದರೆ ಗೆಳೆಯ ಬೀಳುವ ತನಕ ಕಾಯುವುದೇ ಸರಿ ಎಂದು ನಿಯಮವೇ ನನಗೆ ಹೇಳಿಕೊಡುತ್ತಿದೆ. ನನಗೆ ಅದು ಇಷ್ಟವಿಲ್ಲ. ನನ್ನ ಪಾತ್ರ ಹಾಗೆ ಯೋಚಿಸುವ ಹೆಣ್ಣಲ್ಲ, ನೋವು ಕಂಡರೆ ಓಡಿ ಹೋಗುವವಳು. ಬಿದ್ದವರಿಗೆ ಶಿಕ್ಷೆ ಕೊಡುವ ಮೊದಲು, ಬೀಳುವ ಮುಂಚೆ ಮದ್ದು ಕೊಟ್ಟರೆ ಉಪಯೋಗ ಆಗುವ ಹಾಗೆ ಮಾಡಿ. 2024ರ ಪುಸ್ತಕದಲ್ಲಿ ಕ್ಯೂರ್ ವೂಂಡ್ಸ್ 2ಡಿ8 ಆಗಿದೆ, ಹೀಲಿಂಗ್ ವರ್ಡ್ 2ಡಿ4. ನನ್ನ +4 ಸೇರಿಸಿದರೆ ಕ್ಯೂರ್ ವೂಂಡ್ಸ್ ಸರಾಸರಿ 13. ಓಗರ್‌ನ ಒಂದು ಏಟಿಗೆ ನನ್ನ ಒಂದು ಮಂತ್ರ ಸರಿಸಮ. ಅದೊಂದನ್ನು ನಮ್ಮ ಟೇಬಲ್‌ಗೆ ತನ್ನಿ ಸಾಕು, ನಾನು ಕಾಯುವುದನ್ನು ಬಿಡುತ್ತೇನೆ.

ಸಿಂಧನೂರು ರೋಗ್ · ರಾಯಚೂರು ಜಿಲ್ಲೆ

ಪೋಶನ್ ಬಗ್ಗೆಯೂ ಮಾತಾಡಿ. 50 ಚಿನ್ನದ ನಾಣ್ಯ ಕೊಟ್ಟು ತಂದ ಹೀಲಿಂಗ್ ಪೋಶನ್ 2ಡಿ4+2, ಸರಾಸರಿ 7. ಕುಡಿಯಲು ಇಡೀ ಆಕ್ಷನ್ ಹೋಗುತ್ತದೆ. ಅದಕ್ಕೇ ಯಾರೂ ಕಾಳಗದಲ್ಲಿ ಕುಡಿಯುವುದಿಲ್ಲ. ನಾನು ಮೊದಲು ಆಡುತ್ತಿದ್ದ ಟೇಬಲ್‌ನಲ್ಲಿ ಹೀಗಿತ್ತು: ಅವಸರದಲ್ಲಿ ಬೋನಸ್ ಆಕ್ಷನ್‌ಗೆ ಕುಡಿದರೆ ದಾಳ ಉರುಳಿಸಬೇಕು. ನಿಂತು ಪೂರ್ತಿ ಆಕ್ಷನ್ ಕೊಟ್ಟು ಕುಡಿದರೆ ದಾಳ ಬೇಡ, ನೇರವಾಗಿ 10. ಬಹಳ ಚೆನ್ನಾಗಿ ನಡೆಯುತ್ತಿತ್ತು. ಪ್ರತಿ ಸಲ ಕುಡಿಯುವಾಗಲೂ ಒಂದು ನಿರ್ಧಾರ ಮಾಡಬೇಕಾಗುತ್ತದೆ.

ಎಡೆದೊರೆ ಡಿಎಂ · ರಾಯಚೂರು

ಕ್ಲೆರಿಕ್ ಹೇಳಿದ್ದು ಒಪ್ಪಿದೆ. ಎರಡೂ ಮಂತ್ರಕ್ಕೆ 2024ರ ದಾಳ ತಗೊಳ್ಳೋಣ. ಪೋಶನ್ ನಿಯಮವೂ ಇರಲಿ. ಹಳೇ ದಾಳ ಅವರ 1979ರ ಒಂದು ವಾರದ ವಿಷಯ ತಲೆಯಲ್ಲಿ ಸುತ್ತುತ್ತಿದೆ. ವಿಶ್ರಾಂತಿಯ ಬಗ್ಗೆ ಹೇಳಿ. ಮುತ್ತಿಗೆಯಲ್ಲಿ ಪಾತ್ರಗಳಿಗೆ ವಾರಗಟ್ಟಲೆ ಸಮಯ ಇದೆ. ಪ್ರತಿ ದಿನ ಕಾಳಗ ಇಲ್ಲ.

ಮಸ್ಕಿ ಮಂತ್ರವಾದಿ · ರಾಯಚೂರು ಜಿಲ್ಲೆ

ಅದಕ್ಕೆ ಪುಸ್ತಕದಲ್ಲೇ ದಾರಿ ಇದೆ. 2014ರ ಡಿಎಂ ಕೈಪಿಡಿಯಲ್ಲಿ ಒಂದು ಆಯ್ಕೆ: ಶಾರ್ಟ್ ರೆಸ್ಟ್ ಅಂದರೆ 8 ಗಂಟೆ, ಲಾಂಗ್ ರೆಸ್ಟ್ ಅಂದರೆ 7 ದಿನ. ನಾನು ಅದರಲ್ಲಿ ಆಡಿದ್ದೇನೆ. ಊರಿಂದ ಊರಿಗೆ ಹೋಗುವ ಕತೆಗೆ ಅದ್ಭುತ. ಆದರೆ ಒಂದೇ ದಿನ ಗುಹೆಯೊಳಗೆ ಇಳಿದು ನಾಲ್ಕೈದು ಕಾಳಗ ಬಂದರೆ ವಿಝರ್ಡ್‌ಗೆ ಕಷ್ಟ. ಮಂತ್ರ ಮುಗಿದ ಮೇಲೆ ವಾಪಸ್ ಬರಲು ಏಳು ದಿನ. ಹಿರೇಬೆಣಕಲ್ಲಿನ ಬೆಟ್ಟದ ಮೇಲಿನ ಕಲ್ಲುಮನೆಗಳನ್ನು ಡಂಜನ್ ಮಾಡುತ್ತೇವೆ ಅಂದಿದ್ದಿರಲ್ಲ, ಅಲ್ಲಿ ಈ ನಿಯಮ ನಡೆಯುವುದಿಲ್ಲ.

ನನ್ನ ಸಲಹೆ ದಿನ ಎಣಿಸಬೇಡಿ, ಜಾಗ ನೋಡಿ. ಬಯಲಲ್ಲಿ, ಕಾಡಲ್ಲಿ, ಗುಹೆಯಲ್ಲಿ ಎಂಟು ಗಂಟೆ ಕಳೆದರೆ ಮಂತ್ರಗಳು ವಾಪಸ್ ಬರಲಿ, ಹೆಚ್‌ಪಿ ಮಾತ್ರ ತಾನಾಗಿ ಬರಬಾರದು. ವಿಶ್ರಾಂತಿಯಲ್ಲಿ ಗುಣವಾಗಲು ಪಾತ್ರಕ್ಕಿರುವ ದಾಳಗಳನ್ನು, ಅಂದರೆ ಹಿಟ್ ಡೈಸ್, ಖರ್ಚು ಮಾಡಿ ಎಷ್ಟು ಬರುತ್ತೋ ಅಷ್ಟು. ಇದೂ ಅದೇ ಪುಸ್ತಕದ ಇನ್ನೊಂದು ಆಯ್ಕೆ. ಪೂರ್ತಿ ಗುಣವಾಗಬೇಕೆಂದರೆ ಸೂರು, ಊಟ, ಆರೈಕೆ ಮೂರೂ ಇರುವ ಜಾಗ ಬೇಕು. ಛತ್ರ, ಮಠ, ದರ್ಗಾ, ಯಾರದೋ ಮನೆ. ಕೊಪ್ಪಳದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗವಿಮಠದ ದಾಸೋಹದಲ್ಲಿ ಕೂತವರಿಗೆ ಗೊತ್ತು, ಬಂದವರನ್ನು ಯಾರು, ಎಲ್ಲಿಂದ ಅಂತ ಕೇಳದೆ ಬಡಿಸುವ ಜಾಗ ಹೇಗಿರುತ್ತದೆ ಎಂದು. ಅಂಥ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿ. ಆಗ ಆಟಗಾರರು ನಕ್ಷೆ ನೋಡುವ ರೀತಿಯೇ ಬದಲಾಗುತ್ತದೆ.

ಇನ್ನು ಸುಸ್ತಿನ ವಿಷಯ. ಸುಸ್ತನ್ನು ಬಿದ್ದವರಿಗೆ ಹಾಕಬೇಡಿ, ಅದು ನಮಗೆ ಬಿಸಿಲಿಗೆ ಬೇಕು. ಪುಸ್ತಕದ ಪ್ರಕಾರ ಬಿಸಿಲು 38 ಡಿಗ್ರಿ ಮುಟ್ಟಿದ ಮೇಲೆ ಕುಡಿಯಲು ನೀರಿಲ್ಲದಿದ್ದರೆ ಗಂಟೆಗೊಂದು ಕಾನ್‌ಸ್ಟಿಟ್ಯೂಷನ್ (ಮೈಗಟ್ಟು) ಸೇವ್. ಗೆಲ್ಲಲು ಮೊದಲ ಗಂಟೆ 5 ಬರಬೇಕು, ಆಮೇಲೆ ಗಂಟೆಗೆ ಒಂದೊಂದು ಏರುತ್ತದೆ. ಸೋತರೆ ಒಂದು ಮಟ್ಟ ಸುಸ್ತು. ಭಾರದ ಕವಚ ತೊಟ್ಟವರಿಗೆ ಡಿಸ್‌ಅಡ್ವಾಂಟೇಜ್. ರಾಯಚೂರಿನ ಕಾಳಗ ನಡೆದದ್ದು ಮೇ ತಿಂಗಳಲ್ಲಿ. ಮೇ ತಿಂಗಳ ರಾಯಚೂರಲ್ಲಿ 38 ಅಂದರೆ ಎಷ್ಟು ಸಾಮಾನ್ಯ ಅಂತ ಇಲ್ಲಿ ಬದುಕುವ ಎಲ್ಲರಿಗೂ ಗೊತ್ತು. ಬಿಸಿಲಿನ ಸುಸ್ತು, ಬಿದ್ದ ಸುಸ್ತು ಎರಡೂ ಒಂದೇ ಲೆಕ್ಕಕ್ಕೆ ಸೇರಿದರೆ ಪ್ಯಾಲಡಿನ್ ಮಧ್ಯಾಹ್ನದೊಳಗೆ ಸಾಯುತ್ತಾಳೆ.

ಕಂಪ್ಲಿ ಪ್ಯಾಲಡಿನ್ · ಬಳ್ಳಾರಿ ಜಿಲ್ಲೆ

ಬಿಸಿಲಿನ ನಿಯಮಕ್ಕೆ ನನ್ನ ಪೂರ್ತಿ ಒಪ್ಪಿಗೆ, ಪ್ಲೇಟ್ ಕವಚ ತೊಟ್ಟವಳು ನಾನೇ ಆದರೂ. ಅದು ನಿಜ ಅನ್ನಿಸುತ್ತದೆ. ಕವಚ ಬಿಚ್ಚಿ ನಡೆಯಲಾ, ತೊಟ್ಟೇ ನಡೆಯಲಾ ಎಂದು ನಾನು ಯೋಚಿಸಬೇಕಾಗುತ್ತದೆ. ಬಿಸಿಲಿದ್ದರೆ ತಲೆಗೆ ದಿನಕ್ಕೆ ಎರಡು ಗ್ಯಾಲನ್ ನೀರು, ಅಂದರೆ ಏಳೂವರೆ ಲೀಟರ್ ಹತ್ತಿರ. ಅದನ್ನು ಹೊರುವ ಕತ್ತೆ, ಬಾವಿ, ಕೆರೆ ಎಲ್ಲ ಕತೆಯೊಳಗೆ ಬರುತ್ತವೆ.

ಕೊಪ್ಪಳ ಕೋಟೆ · ಕೊಪ್ಪಳ

ಇನ್ನೂ ಯಾರೂ ಶಾಶ್ವತ ಗಾಯದ ಪಟ್ಟಿಯ ಹೆಸರು ಎತ್ತಿಲ್ಲ. 2014ರ ಡಿಎಂ ಕೈಪಿಡಿಯಲ್ಲೇ ಇದೆ. ಸೊನ್ನೆಗೆ ಬಿದ್ದರೆ ಡಿ20 ಉರುಳಿಸಿ. 1 ಬಂದರೆ ಕಣ್ಣು, 2 ಬಂದರೆ ಕೈ, 3 ಬಂದರೆ ಕಾಲು. 17ರಿಂದ ಮೇಲೆ ಬರೀ ಸಣ್ಣ ಕಲೆ. ಮುರಿದ ಪಕ್ಕೆಲುಬು, ಕೀವು ತುಂಬಿದ ಗಾಯ ಎಲ್ಲ ನಡುವೆ ಬರುತ್ತವೆ. ಮುತ್ತಿಗೆಯ ಕತೆಗೆ ಇದಕ್ಕಿಂತ ಹೊಂದುವುದು ಯಾವುದಿದೆ?

ಹಳೇ ದಾಳ · ಬಳ್ಳಾರಿ

ಲೆಕ್ಕ ಹಾಕಿ. ಬಿದ್ದ ಪ್ರತಿ ಸಲವೂ ಕಣ್ಣೋ ಕೈಯೋ ಕಾಲೋ ಹೋಗುವ ಸಾಧ್ಯತೆ 15 ಶೇಕಡ. ಕಳೆದುಕೊಂಡದ್ದು ವಾಪಸ್ ಬರಬೇಕೆಂದರೆ ರೀಜನರೇಟ್, ಏಳನೇ ಮಟ್ಟದ ಮಂತ್ರ. ಅದನ್ನು ಕ್ಲೆರಿಕ್ ಹೇಳಲು 13ನೇ ಲೆವೆಲ್ ಆಗಬೇಕು. ಮುಂದಿನ ಸಾಲಿನವರು ಐದನೇ ಲೆವೆಲ್‌ನಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಎಷ್ಟು ಸಲ ಬೀಳುತ್ತಾರೆ? ಎರಡು ಕೈ ಕತ್ತಿಯಲ್ಲಿ ಹೋರಾಡುವ ಪಾತ್ರ ಕಟ್ಟಿಕೊಂಡವರಿಗೆ ಒಂದು ಕೈ ಹೋದರೆ ಅಲ್ಲಿಗೆ ಆ ಪಾತ್ರ ಮುಗಿದ ಹಾಗೆ. ಸತ್ತಿದ್ದರೆ ಒಂದು ಕತೆಯಾದರೂ ಇರುತ್ತಿತ್ತು. 1978ರ ರೂನ್‌ಕ್ವೆಸ್ಟ್ ಎಂಬ ಇನ್ನೊಂದು ಆಟದಲ್ಲಿ ತಲೆ, ಎದೆ, ಕೈ, ಕಾಲಿಗೆ ಬೇರೆ ಬೇರೆ ಹೆಚ್‌ಪಿ ಇತ್ತು. ಅಲ್ಲಿ ಅದು ಸೊಗಸಾಗಿ ನಡೆಯುತ್ತದೆ, ಯಾಕೆಂದರೆ ಇಡೀ ಆಟವನ್ನೇ ಅದರ ಸುತ್ತ ಕಟ್ಟಿದ್ದಾರೆ. ಎಲ್ಲರ ಹತ್ತಿರವೂ ಸ್ವಲ್ಪ ಗುಣಪಡಿಸುವ ಮಂತ್ರ ಇರುತ್ತದೆ. ಇಲ್ಲಿ ಒಂದು ಪಟ್ಟಿಯನ್ನು ಮಾತ್ರ ತಂದು ಅಂಟಿಸಿದರೆ ನಿಲ್ಲುವುದಿಲ್ಲ.

ಹೊಸಪೇಟೆ ರಸ್ತೆ · ಬಳ್ಳಾರಿ ಜಿಲ್ಲೆ

ನಡುವೆ ಬಂದು ಕೇಳುತ್ತಿದ್ದೇನೆ. ಇನ್ನೂ ಆಡಿಲ್ಲ. ಪುಸ್ತಕ ಕೊಳ್ಳದೆ ಈ ನಿಯಮ ಓದಲು ಆಗುತ್ತದಾ?

ಸಿಂಧನೂರು ರೋಗ್ · ರಾಯಚೂರು ಜಿಲ್ಲೆ

ಆಗುತ್ತದೆ. ಮೂಲ ನಿಯಮಗಳ ಕಡತವಾದ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಇಳಿಸಿಕೊಳ್ಳಲು ದುಡ್ಡು ಬೇಡ. ಹೆಚ್‌ಪಿ, ಡೆತ್ ಸೇವ್, ವಿಶ್ರಾಂತಿ, ಸುಸ್ತು ಎಲ್ಲ ಅದರಲ್ಲಿದೆ. ಕನ್ನಡಕ್ಕೆ ಮಾಡಿಕೊಂಡು ಹಂಚಲೂ ಆ ಪರವಾನಗಿ ಬಿಡುತ್ತದೆ, ಮೂಲದ ಹೆಸರು ಹೇಳಿದರೆ ಸಾಕು. ಯಾರಾದರೂ ಕೈ ಜೋಡಿಸುವುದಾದರೆ ಡೆತ್ ಸೇವ್ ಪುಟದಿಂದಲೇ ಶುರು ಮಾಡೋಣ.

ಕಿನ್ನಾಳ ಗೊಂಬೆ · ಕೊಪ್ಪಳ ಜಿಲ್ಲೆ

ನಮ್ಮ ಟೇಬಲ್‌ನಲ್ಲಿ ನಾವು ಬೇರೆ ದಾರಿ ಹಿಡಿದಿದ್ದೇವೆ. ವಿವರವಾಗಿ ಬರೆಯುತ್ತೇನೆ.

ನಮ್ಮ ಊರುಗಳ ಹೊರಗೆ, ಗುಡಿಯ ಪಕ್ಕ, ಹೊಲದ ಬದುವಿನಲ್ಲಿ ವೀರಗಲ್ಲು ನೋಡಿರುತ್ತೀರಿ. ಸಾಮಾನ್ಯವಾಗಿ ಮೂರು ಪಟ್ಟಿ. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದುಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಡೆತ್ ಸೇವ್‌ಗೂ ಮೂರೇ ಸೋಲು. ಹಾಗಾಗಿ ನಮ್ಮಲ್ಲಿ ಪ್ರತಿ ಆಟಗಾರನ ಹಾಳೆಯ ಮೂಲೆಯಲ್ಲಿ ಒಂದು ಖಾಲಿ ವೀರಗಲ್ಲು ಬರೆದಿರುತ್ತೇವೆ. ಡೆತ್ ಸೇವ್ ಒಂದು ಸೋತರೆ ಕೆಳಗಿನ ಪಟ್ಟಿ ತುಂಬುತ್ತದೆ. ಎರಡು ಸೋತರೆ ನಡುವಿನದು. ಮೂರನೆಯದು ತುಂಬಿದರೆ ಕಲ್ಲು ಪೂರ್ತಿ, ಪಾತ್ರ ಹೋಯಿತು.

ಪುಸ್ತಕದಲ್ಲಿ ಒಂದು ಹೆಚ್‌ಪಿ ಬಂದ ಕೂಡಲೇ ಸೋಲುಗಳೆಲ್ಲ ಅಳಿಸಿ ಹೋಗುತ್ತವೆ. ನಮ್ಮಲ್ಲಿ ಅಳಿಸುವುದಿಲ್ಲ. ಎದ್ದು ನಿಂತರೂ ಕೆತ್ತಿದ್ದು ಕೆತ್ತಿದ್ದೇ. ಮುಂದಿನ ಸಲ ಬಿದ್ದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಇದರಿಂದ ಹೊಡೆಯುವ ಬಲ ಕಡಿಮೆಯಾಗುವುದಿಲ್ಲ. ನಡಿಗೆ, ಸೇವ್, ಮಂತ್ರ ಯಾವುದಕ್ಕೂ ಕೈ ಹಾಕುವುದಿಲ್ಲ. ಪಾತ್ರ ಪೂರ್ತಿ ಬಲದಿಂದಲೇ ಹೋರಾಡುತ್ತದೆ, ಆದರೆ ಎರಡು ಪಟ್ಟಿ ತುಂಬಿದೆ ಎಂದು ಟೇಬಲ್‌ನಲ್ಲಿ ಎಲ್ಲರಿಗೂ ಕಾಣುತ್ತಿರುತ್ತದೆ.

ಸತ್ತರೆ ಆ ಹಾಳೆಯ ಕಲ್ಲನ್ನು ಕತ್ತರಿಸಿ ನಕ್ಷೆಯ ಮೇಲೆ, ಅವನು ಬಿದ್ದ ಜಾಗದಲ್ಲಿ ಅಂಟಿಸುತ್ತೇವೆ. ಮುಂದೆ ಯಾವ ಪಾತ್ರ ಆ ಜಾಗಕ್ಕೆ ಬಂದು ಕೈ ಮುಗಿದರೂ ಒಂದು ಇನ್‌ಸ್ಪಿರೇಷನ್, ಅಂದರೆ ಎರಡು ದಾಳ ಉರುಳಿಸಿ ಹೆಚ್ಚು ಬಂದದ್ದನ್ನು ತೆಗೆದುಕೊಳ್ಳುವ ಅವಕಾಶ, ಸಿಗುತ್ತದೆ. ಸತ್ತವರ ಆಟಗಾರರಿಗೆ ಇದು ಎಷ್ಟು ಮುಖ್ಯವಾಯಿತು ಎಂದರೆ ಯಾರೂ ಮೊದಲಿನ ಹಾಗೆ ಹಾಳೆ ಹರಿದು ಎಸೆಯುವುದಿಲ್ಲ.

ಎಡೆದೊರೆ ಡಿಎಂ · ರಾಯಚೂರು

ಇದನ್ನು ಓದಿ ಮೈ ಜುಮ್ಮೆಂದಿತು. ನನಗೆ ಬೇಕಾಗಿದ್ದು ಇದೇ. ಬಿದ್ದವರ ಕೈ ಕಟ್ಟುವುದು ಬೇಡ. ಬಿದ್ದದ್ದು ನೆನಪಿನಲ್ಲಿ ಉಳಿಯಬೇಕು, ಅಷ್ಟೇ.

ಆದರೆ ಎಷ್ಟು ಕಠಿಣವಾಗುತ್ತದೆ? ಹಳೇ ದಾಳ, ಲೆಕ್ಕ ಹಾಕಿ ಕೊಡುತ್ತೀರಾ?

ಹಳೇ ದಾಳ · ಬಳ್ಳಾರಿ

ಹಾಕಿದೆ. ನಿಯಮ ಎಲ್ಲರಿಗೂ ಗೊತ್ತಿದೆ: 10 ಅಥವಾ ಮೇಲೆ ಗೆಲುವು, 9ರ ತನಕ ಸೋಲು, 1 ಬಂದರೆ ಎರಡು ಸೋಲು, 20 ಬಂದರೆ ಒಂದು ಹೆಚ್‌ಪಿಯೊಂದಿಗೆ ಏಳುವುದು. ಯಾರೂ ನೆರವಿಗೆ ಬರದೆ ಒಬ್ಬನೇ ಬಿದ್ದಿದ್ದಾನೆ ಎಂದಿಟ್ಟುಕೊಳ್ಳಿ.

ಕಲ್ಲು ಖಾಲಿ ಇದ್ದರೆ ಸಾಯುವ ಸಾಧ್ಯತೆ ಶೇಕಡ 40ಕ್ಕೆ ಸ್ವಲ್ಪ ಮೇಲೆ. ಒಂದು ಪಟ್ಟಿ ತುಂಬಿದ್ದರೆ 58. ಎರಡು ತುಂಬಿದ್ದರೆ 79. ಹತ್ತಿರದಲ್ಲಿ ಕ್ಲೆರಿಕ್ ಇದ್ದರೆ ಇಷ್ಟಾಗುವುದಿಲ್ಲ, ಏಕೆಂದರೆ ಒಂದೆರಡು ದಾಳದೊಳಗೇ ಎಬ್ಬಿಸುತ್ತಾಳೆ. ಆದರೆ ಎರಡು ತುಂಬಿದವನಿಗೆ ಮೊದಲ ದಾಳದಲ್ಲೇ ಸಾಯುವ ಸಾಧ್ಯತೆ 45. ಅವನ ಸರದಿ ಬರುವ ಮುಂಚೆ ಯಾರಾದರೂ ತಲುಪಲೇಬೇಕು. ಭಯ ಬೇಕು ಅಂದಿದ್ದಿರಿ, ಇದು ಭಯವೇ.

ಒಂದು ಕಡೆ ಹುಷಾರಾಗಿರಿ. ಬಿದ್ದವನಿಗೆ ಏಟು ಬಿದ್ದರೆ ಅದೂ ಒಂದು ಸೋಲು. ಐದು ಅಡಿಯೊಳಗಿಂದ ಹೊಡೆದರೆ, ಪ್ರಜ್ಞೆ ತಪ್ಪಿದವನ ಮೇಲೆ ಅದು ಕ್ರಿಟಿಕಲ್, ಅಂದರೆ ಮರ್ಮಕ್ಕೆ ಬಿದ್ದ ಏಟು, ಎರಡು ಸೋಲು. ಒಂದು ಪಟ್ಟಿ ತುಂಬಿದ್ದವನನ್ನು ಓಗರ್ ಬಿದ್ದ ಮೇಲೆ ಒಂದೇ ಸಲ ಹೊಡೆದರೆ ಕತೆ ಮುಗಿಯಿತು, ದಾಳ ಉರುಳಿಸುವ ಅವಕಾಶವೂ ಇಲ್ಲ. ಡಿಎಂ ಇದರ ಬಗ್ಗೆ ಮೊದಲೇ ಮಾತು ಕೊಡಬೇಕು.

ಕಂಪ್ಲಿ ಪ್ಯಾಲಡಿನ್ · ಬಳ್ಳಾರಿ ಜಿಲ್ಲೆ

ಮುಂದಿನ ಸಾಲಿನವರಿಗೇ ಏಟು ಅನ್ನುವ ನನ್ನ ಮಾತು ಇಲ್ಲಿಗೂ ಹೊಂದುತ್ತದೆ. ಆದರೂ ಈ ನಿಯಮಕ್ಕೆ ನಾನು ಒಪ್ಪುತ್ತೇನೆ. ಒಂದು ಕಾರಣ, ಬಿದ್ದದ್ದಕ್ಕೇ ಪಟ್ಟಿ ತುಂಬುವುದಿಲ್ಲ, ದಾಳ ಸೋತರೆ ಮಾತ್ರ. ಬೇಗ ಬಂದು ಎಬ್ಬಿಸಿದರೆ ಏನೂ ಆಗುವುದಿಲ್ಲ. ಅಂದರೆ ನನ್ನ ಜೀವ ನನ್ನ ಗೆಳೆಯರ ಕೈಯಲ್ಲಿ. ವಿಝರ್ಡ್ 100 ಅಡಿ ಹಿಂದೆಯೇ ನಿಂತರೆ ನನ್ನನ್ನು ಎಳೆದು ತರುವವರು ಯಾರು? ಅವನೂ ಮುಂದೆ ಬರಬೇಕಾಗುತ್ತದೆ. ನನಗೆ ಇಷ್ಟವಾದದ್ದು ಅದೇ.

ಇನ್ನೊಂದು, ಎರಡು ಪಟ್ಟಿ ತುಂಬಿದ ಮೇಲೆ ಹಿಂದೆ ಸರಿದರೆ ನನ್ನನ್ನು ಹೇಡಿ ಎನ್ನುವ ಹಾಗಿಲ್ಲ. ಟೇಬಲ್ ಅದಕ್ಕೆ ಒಪ್ಪಬೇಕು.

ಗಂಗಾವತಿ ಕ್ಲೆರಿಕ್ · ಕೊಪ್ಪಳ ಜಿಲ್ಲೆ

ಒಪ್ಪಿದೆ. ಬಿದ್ದವರು ಸಾಯದಂತೆ ತಡೆಯುವ ಚಿಕ್ಕ ಮಂತ್ರ, ಸ್ಪೇರ್ ದ ಡೈಯಿಂಗ್ ಕ್ಯಾಂಟ್ರಿಪ್‌ಗೆ ಮೊದಲ ಸಲ ಬೆಲೆ ಬರುತ್ತದೆ. 5 ಚಿನ್ನದ ನಾಣ್ಯದ ಹೀಲರ್ಸ್ ಕಿಟ್‌ಗೂ. ಅದರಲ್ಲಿ 10 ಸಲಕ್ಕೆ ಆಗುವಷ್ಟು ಸಾಮಾನು ಇರುತ್ತದೆ, ಯಾರು ಬೇಕಾದರೂ ಉಪಯೋಗಿಸಬಹುದು, ದಾಳ ಕೂಡ ಬೇಡ.

ಡಿಎಂಗೆ ಒಂದು ಪ್ರಶ್ನೆ. ಸತ್ತವರನ್ನು ಎಬ್ಬಿಸುವ ರಿವಿವಿಫೈ ಮಂತ್ರಕ್ಕೆ 300 ಚಿನ್ನದ ನಾಣ್ಯದ ವಜ್ರ ಬೇಕು. ನಮ್ಮ ಕತೆ ನಡೆಯೋದು ವಜ್ರದ ಸೀಮೆಯಲ್ಲಿ. ವಜ್ರಕರೂರು ಗುಂತಕಲ್ ಪಕ್ಕದಲ್ಲೇ ಇದೆ. ವಿಜಯನಗರದ ಪೇಟೆಯಲ್ಲಿ ವಜ್ರಕ್ಕೆ ಬರ ಇರಲಿಲ್ಲ. ವಜ್ರ ಸುಲಭವಾಗಿ ಸಿಕ್ಕರೆ ಕಲ್ಲು ಪೂರ್ತಿಯಾದರೂ ಒಂದು ನಿಮಿಷದೊಳಗೆ ಎಬ್ಬಿಸುತ್ತೇನೆ. ಆಗ ಈ ನಿಯಮಕ್ಕೆ ಅರ್ಥ ಇರುವುದಿಲ್ಲ.

ಎಡೆದೊರೆ ಡಿಎಂ · ರಾಯಚೂರು

ಒಳ್ಳೆಯ ಪ್ರಶ್ನೆ. ವಜ್ರ ಸಿಗಲಿ, ಅದು ಈ ಸೀಮೆಯ ನಿಜ. ಆದರೆ ರಿವಿವಿಫೈನಿಂದ ಎದ್ದವರ ಕಲ್ಲಿನಲ್ಲಿ ಎರಡು ಪಟ್ಟಿ ತುಂಬಿಯೇ ಇರುತ್ತವೆ. ಎದ್ದು ಬಂದರೂ ಅಂಚಿನಲ್ಲೇ ನಿಂತಿರುತ್ತಾರೆ. ದೊಡ್ಡ ವಜ್ರಗಳ ಮೇಲೆ ರಾಜನಿಗೂ ಕಣ್ಣಿರುತ್ತದೆ. ಅದನ್ನು ಕತೆಯಲ್ಲಿ ನೋಡೋಣ.

ಉಳಿದದ್ದನ್ನು ಹೀಗೆ ಇಡುತ್ತಿದ್ದೇನೆ. ಸೋತ ಡೆತ್ ಸೇವ್ ಕಲ್ಲಿನ ಮೇಲೆ ಉಳಿಯುತ್ತದೆ. ಗೆದ್ದ ಸೇವ್ ಎದ್ದ ಕೂಡಲೇ ಅಳಿಸುತ್ತದೆ, ಪುಸ್ತಕದ ಹಾಗೆಯೇ. ಸೂರು, ಊಟ, ಆರೈಕೆ ಇರುವ ಜಾಗದಲ್ಲಿ ಮೂರು ದಿನ ಪೂರ್ತಿ ಕಳೆದರೆ ಹೆಚ್‌ಪಿ ಎಲ್ಲ ವಾಪಸ್, ಒಂದು ಪಟ್ಟಿ ಖಾಲಿ. ಏಳು ದಿನ ಕಳೆದರೆ ಕಲ್ಲು ಪೂರ್ತಿ ಖಾಲಿ, 1979ರ ವಾರದ ನೆನಪಿಗೆ. ಬಯಲಲ್ಲಿ ಕಳೆದ ರಾತ್ರಿಗೆ ಮಂತ್ರ ಮತ್ತು ಅರ್ಧ ಹಿಟ್ ಡೈಸ್ ಮಾತ್ರ ವಾಪಸ್. ಸುಸ್ತು ಬಿಸಿಲು, ಹಸಿವು, ನಿದ್ದೆಗೆಟ್ಟ ನಡಿಗೆಗೆ ಮೀಸಲು.

ಬಿದ್ದವರನ್ನು ಹೊಡೆಯುವ ಬಗ್ಗೆ ನನ್ನ ಮಾತು: ಬುದ್ಧಿ ಇರುವ ಶತ್ರು ಎದ್ದು ನಿಂತವರ ಕಡೆ ತಿರುಗುತ್ತಾನೆ. ಹಸಿದ ಪ್ರಾಣಿ ಬಿದ್ದವರನ್ನು ಎಳೆದುಕೊಂಡು ಹೋಗಲು ನೋಡುತ್ತದೆ, ಹೋಗುವ ಮುಂಚೆ ನಾನು ಹೇಳುತ್ತೇನೆ. ಬಿದ್ದವರನ್ನೇ ಕೊಲ್ಲುವ ಶತ್ರು ಇದ್ದರೆ ಅವನ ಹೆಸರು ಊರೂರಲ್ಲಿ ಮೊದಲೇ ಕೇಳಿರುತ್ತೀರಿ. ಸುಮ್ನೆ ಆಶ್ಚರ್ಯಕ್ಕಾಗಿ ಯಾರ ಪಾತ್ರವನ್ನೂ ಕೊಲ್ಲುವುದಿಲ್ಲ.

ಮಸ್ಕಿ ಮಂತ್ರವಾದಿ · ರಾಯಚೂರು ಜಿಲ್ಲೆ

ಈ ನಿಯಮದಲ್ಲಿ ಮೊದಲ ಆಟ ಮುಗಿಯಿತು. ಬೇರೆ ಟೇಬಲ್‌ನವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ರಾಯಚೂರು ಕೋಟೆಯ ಕಾಟಿ ದರ್ವಾಜದ ಹತ್ತಿರ ಕಾಳಗ. ಪ್ಯಾಲಡಿನ್ ಬಿದ್ದಳು, ನಾವು ತಲುಪುವ ಮುಂಚೆ ದಾಳ 7. ಕೆಳಗಿನ ಪಟ್ಟಿ ತುಂಬಿತು. ಎದ್ದಳು, ಮತ್ತೆ ಬಿದ್ದಳು, ದಾಳ 4. ನಡುವಿನದೂ ತುಂಬಿತು. ಟೇಬಲ್‌ನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ವಿಝರ್ಡ್ ಬೆಂಕಿಯುಂಡೆ ಬಿಟ್ಟು ಓಡಿ ಹೋಗಿ ಅವಳನ್ನು ಎಳೆದು ತಂದ. ಓಗರ್ ನನಗೂ ಒಂದು ಹಾಕಿತು. ಆಮೇಲೆ ನಾವು ಮೊದಲ ಸಲ ಗೆಲ್ಲಬಹುದಾಗಿದ್ದ ಕಾಳಗ ಬಿಟ್ಟು ಹಿಂದೆ ಸರಿದೆವು. ಮೂರು ದಿನ ನದಿ ದಡದ ಒಂದು ಮಠದಲ್ಲಿ ಉಳಿದೆವು. ಅಷ್ಟರಲ್ಲಿ ಕೋಟೆಯವರು ಗೋಡೆಯ ಬಿರುಕು ಮುಚ್ಚಿಕೊಂಡರು. ನಮ್ಮ ಗಾಯಕ್ಕೆ ಕೊಟ್ಟ ಸಮಯ ಅವರಿಗೂ ಸಿಕ್ಕಿತು. ಮುತ್ತಿಗೆ ಅಂದರೆ ಇದು ಅಂತ ಆಗ ಅನ್ನಿಸಿತು.

ಕ್ಲೆರಿಕ್ ಈಗ ಬೀಳುವ ಮುಂಚೆಯೇ ಕ್ಯೂರ್ ವೂಂಡ್ಸ್ ಹಾಕುತ್ತಿದ್ದಾಳೆ. 2ಡಿ8 ಆಗಿದ್ದರ ಫಲ ಕಣ್ಣಿಗೆ ಕಂಡಿತು.

ಹೊಸಪೇಟೆ ರಸ್ತೆ · ಬಳ್ಳಾರಿ ಜಿಲ್ಲೆ

ನಾವು ನಾಲ್ಕು ಮಂದಿ ಹೊಸದಾಗಿ ಶುರು ಮಾಡುತ್ತಿದ್ದೇವೆ. ಒಂದನೇ ಲೆವೆಲ್‌ನಿಂದಲೇ ವೀರಗಲ್ಲು ಹಾಕಬಹುದಾ?

ಕಿನ್ನಾಳ ಗೊಂಬೆ · ಕೊಪ್ಪಳ ಜಿಲ್ಲೆ

ಬೇಡ. ಒಂದನೇ ಲೆವೆಲ್ ವಿಝರ್ಡ್ ಹತ್ತಿರ ಏಳೆಂಟು ಹೆಚ್‌ಪಿ ಇರುತ್ತದೆ. ಗಾಬ್ಲಿನ್‌ನ ಒಂದು ಏಟು 1ಡಿ6+2. ಎರಡು ಏಟಿಗೆ ಮಲಗುತ್ತಾನೆ. ಆ ಹಂತದಲ್ಲಿ ಪುಸ್ತಕದ ನಿಯಮವೇ ಸಾಕಷ್ಟು ಕಠಿಣ. ಮೂರನೇ ಲೆವೆಲ್‌ಗೆ ಬಂದ ಮೇಲೆ ಕಲ್ಲು ಬರೆಯಿರಿ. ಹೆಚ್‌ಪಿಗೆ ದಾಳ ಉರುಳಿಸುವುದೂ ಸದ್ಯಕ್ಕೆ ಬೇಡ, ಲೆವೆಲ್ ಏರಿದಾಗ ಪುಸ್ತಕದ ನಿಗದಿತ ಸಂಖ್ಯೆ ತಗೊಳ್ಳಿ. ಡಿ10ಕ್ಕೆ ಅದು 6, ದಾಳದ ಸರಾಸರಿ ಐದೂವರೆ. ನಿಮಗೇ ಲಾಭ. ಹೀಲರ್ಸ್ ಕಿಟ್ ಮಾತ್ರ ಮೊದಲ ದಿನವೇ ಇಬ್ಬರ ಹತ್ತಿರ ಇರಲಿ. ಒಬ್ಬರ ಹತ್ತಿರವೇ ಇದ್ದು ಅವರೇ ಬಿದ್ದರೆ ಉಪಯೋಗಕ್ಕೆ ಬರುವುದಿಲ್ಲ.